ಶ್ರೀಮದ್ಭಟ್ಟಾಕಲಂಕದೇವರು ಮತ್ತು ಬಾಹ್ಯಾರ್ಥಸಿದ್ಧಿ

ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಶುಕ್ಲಾಷ್ಟಮಿಯಿಂದ ಪೂರ್ಣಿಮೆಯವರೆಗೆ ನಡೆಯುವ ಅಷ್ಟಾಹ್ನಿಕ ಪರ್ವದಲ್ಲಿ ನಮ್ಮ ಮನೆಗಳ ಹಿರಿಯರು ಬಸದಿಗೆ ಹೋಗಿ ಎಂಟು ದಿನಗಳ ಮಟ್ಟಿಗೆ ನಿಯಮಗಳನ್ನು ಹಿಡಿಯುವುದು ರೂಢಿ. ಒಬ್ಬರು ಏಕಭುಕ್ತವನ್ನು ಹಿಡಿದರೆ ಮತ್ತೊಬ್ಬರು ರಸತ್ಯಾಗವನ್ನು ಹಿಡಿಯುತ್ತಾರೆ. ದಂಪತಿಗಳು ಬ್ರಹ್ಮಚರ್ಯವನ್ನು ಸ್ವೀಕರಿಸುತ್ತಾರೆ. ಮುನಿಗಳ ಸನ್ನಿಧಿಯಲ್ಲಿ ತಂದೆತಾಯಿಗಳು ಕೈಮುಗಿದು ನಿಂತಾಗ ಬದಿಯಲ್ಲಿರುವ ಮಕ್ಕಳೂ ಕೈಮುಗಿಯುತ್ತಾರೆ. ನೋಡಿದವರು ನಗುತ್ತಾರೆ. ಈ ನಗೆಯ ವಿಷಯದಲ್ಲಿ ಸ್ವಲ್ಪ ಎಚ್ಚರವಿರಬೇಕೆಂಬುದಕ್ಕೆ ಭಟ್ಟಾಕಲಂಕದೇವರ ಬಾಲ್ಯದ ಕಥೆಯೇ ಸಾಕ್ಷಿಯಾಗಿದೆ.

ಪ್ರಭಾಚಂದ್ರರ ಗದ್ಯ ಕಥಾಕೋಶದಲ್ಲಿಯೂ ಅದನ್ನನುಸರಿಸಿದ ನೇಮಿದತ್ತರ ಆರಾಧನಾ ಕಥಾಕೋಶದಲ್ಲಿಯೂ ಆ ವೃತ್ತಾಂತವಿದೆ. ಮಾನ್ಯಖೇಟದಲ್ಲಿ ಶುಭತುಂಗನೆಂಬ ಅರಸನಿಗೆ ಪುರುಷೋತ್ತಮನೆಂಬ ಮಂತ್ರಿ. ಅವನ ಪತ್ನಿ ಪದ್ಮಾವತಿ. ಇವರಿಗೆ ಅಕಲಂಕ, ನಿಷ್ಕಲಂಕ ಎಂಬ ಇಬ್ಬರು ಪುತ್ರರು. ಒಂದು ಅಷ್ಟಾಹ್ನಿಕ ಪರ್ವದಲ್ಲಿ ಮಂತ್ರಿಯು ಸಕುಟುಂಬನಾಗಿ ಮುನಿದರ್ಶನಕ್ಕೆ ಹೋಗಿ ಪತ್ನಿಯೊಡನೆ ಎಂಟು ದಿನಗಳ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದನು. ವಿನೋದಕ್ಕೆಂದು ಮಕ್ಕಳಿಗೂ ಅದನ್ನು ಕೊಡಿಸಿದನು. ವರ್ಷಗಳು ಕಳೆದು ಪುತ್ರರಿಗೆ ವಿವಾಹದ ಸನ್ನಾಹ ನಡೆದಾಗ ಅವರು ತಂದೆಯನ್ನು ತಡೆದು, ತಮಗೆ ಬ್ರಹ್ಮಚರ್ಯವ್ರತವಿರುವಾಗ ವಿವಾಹವೆಲ್ಲಿಯದೆಂದು ಕೇಳಿದರು. ಅದು ಆಟಕ್ಕೆ ಕೊಡಿಸಿದ್ದೆಂದು ತಂದೆ ಹೇಳಿದನು. ಧರ್ಮದಲ್ಲಿ ಆಟವುಂಟೆ ಎಂದು ಮಕ್ಕಳು ಕೇಳಿದರು. ಅದು ಎಂಟೇ ದಿನಗಳದೆಂದು ತಂದೆ ಹೇಳಿದನು. ಎಂಟು ದಿನಗಳೆಂಬ ಅವಧಿಯನ್ನು ತಮಗೆ ಕೊಡಿಸುವಾಗ ಮುನಿಗಳೂ ಹೇಳಲಿಲ್ಲ, ತಂದೆಯೂ ಹೇಳಲಿಲ್ಲವೆಂದು ಅವರು ಉತ್ತರಿಸಿದರು. ಮಂತ್ರಿಯಾಗಿದ್ದ ತಂದೆಗೆ ಮರುಮಾತು ದೊರೆಯಲಿಲ್ಲ.

ಇಲ್ಲಿ ತರ್ಕದ ಚಾತುರ್ಯವನ್ನು ಕಾಣುವವರು ಕಾಣಲಿ. ನನಗೆ ಕಾಣುವುದು ಬೇರೆ. ನುಡಿದ ನುಡಿಗೆ ಹೊರಗೊಂದು ಅರ್ಥವಿದೆ, ಆ ಅರ್ಥವು ನುಡಿದವನ ಮನಸ್ಸಿನ ಅನುಕೂಲಕ್ಕೆ ತಕ್ಕಂತೆ ಆಮೇಲೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂಬ ದೃಢವಾದ ನಂಬಿಕೆಯು ಆ ಬಾಲಕರಲ್ಲಿತ್ತು. ಮುಂದೆ ಅಕಲಂಕದೇವರು ಭಾರತದ ಅತ್ಯಂತ ಸೂಕ್ಷ್ಮಬುದ್ಧಿಯ ವಾದಿಗಳೊಡನೆ ಹೋರಾಡಿದ್ದು ಈ ನಂಬಿಕೆಗಾಗಿಯೇ. ನಮ್ಮ ಜ್ಞಾನದ ಹೊರಗೆ ಜಗತ್ತೊಂದು ಇದೆಯೆ? ಇದ್ದರೆ ಅದನ್ನು ನಾವು ಅರಿಯಬಲ್ಲೆವೆ? ಅವರ ಆಯುಷ್ಯವೆಲ್ಲ ಈ ಪ್ರಶ್ನೆಗೆ ಸಂದಿತು.

ಕಥೆಯನ್ನು ಮುಂದುವರಿಸುವ ಮೊದಲು ಅದರ ತೂಕವನ್ನು ನೋಡಬೇಕು. ಶುಭತುಂಗನೆಂಬುದು ರಾಷ್ಟ್ರಕೂಟ ಒಂದನೆಯ ಕೃಷ್ಣನ ಬಿರುದು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟವು ರಾಜಧಾನಿಯಾಗಿ ಮೆರೆದದ್ದು ಅವನ ಕಾಲದಲ್ಲಲ್ಲ. ಅವನ ಮರಿಮಗ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಅಕಲಂಕದೇವರದೇ ಆದ ತತ್ತ್ವಾರ್ಥರಾಜವಾರ್ತಿಕದ ಮೊದಲ ಅಧ್ಯಾಯದ ಕೊನೆಯಲ್ಲಿರುವ ಶ್ಲೋಕವು ಅವರನ್ನು ಲಘುಹವ್ವನೆಂಬ ನೃಪತಿಯ ಪುತ್ರರೆಂದು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ಬರೆದ ಕನ್ನಡದ ರಾಜಾವಳೀಕಥೆಯಾದರೋ ಅವರನ್ನು ಕಂಚಿಯ ಜಿನದಾಸನೆಂಬ ಬ್ರಾಹ್ಮಣನ ಮಕ್ಕಳನ್ನಾಗಿ ಮಾಡಿದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಅವರನ್ನು ಸಾಹಸತುಂಗನೆಂಬ ಅರಸನ ಸಭೆಯಲ್ಲಿ ನಿಲ್ಲಿಸುತ್ತದೆ. ಈ ಸಾಹಸತುಂಗನು ಕೃಷ್ಣನಿಗಿಂತ ಮೊದಲು ಆಳಿದ ದಂತಿದುರ್ಗನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಕಲಂಕದೇವರು ಏಳನೆಯ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿಯ ಮಾತುಗಳನ್ನು ಎತ್ತಿಕೊಂಡು ಖಂಡಿಸುತ್ತಾರೆ. ವೀರಸೇನಾಚಾರ್ಯರ ಧವಲಾ ಟೀಕೆಯು ರಾಜವಾರ್ತಿಕವನ್ನು ಬಳಸಿಕೊಳ್ಳುತ್ತದೆ. ಜಿನಸೇನಾಚಾರ್ಯರ ಆದಿಪುರಾಣವು ಅವರನ್ನು ಸ್ಮರಿಸುತ್ತದೆ. ಆದಕಾರಣ ಅವರು ಎಂಟನೆಯ ಶತಮಾನದವರೆಂಬುದರಲ್ಲಿ ತೊಡಕಿಲ್ಲ. ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರು ಕ್ರಿ.ಶ. 720ರಿಂದ 780ರವರೆಗೆ ಎಂದು ನಿರ್ಣಯಿಸಿದ್ದಾರೆ. ಕಥೆಗಳು ಊರಿನಲ್ಲಿ, ತಂದೆಯ ಹೆಸರಿನಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಬಾಲ್ಯದಿಂದಲೇ ವಿರಕ್ತನಾದ ಮಹಾವಾದಿಯೊಬ್ಬನು ಈ ದಕ್ಷಿಣದೇಶದಲ್ಲಿ ಬಾಳಿದನೆಂಬಲ್ಲಿ ಹೊಂದುತ್ತವೆ. ಹೊಂದದ ಅಂಶವಿದೆಯೆಂದು ಹೊಂದುವ ಅಂಶವನ್ನೂ ಚೆಲ್ಲಬಾರದೆಂಬುದನ್ನು ಅವರಿಂದಲೇ ಕಲಿಯಬಹುದು. ಆ ಮಾತು ಮುಂದೆ ಬರುತ್ತದೆ.

ವಿವಾಹವನ್ನು ನಿರಾಕರಿಸಿದ ಸಹೋದರರು ಶಾಸ್ತ್ರಾಧ್ಯಯನದಲ್ಲಿ ತೊಡಗಿದರು. ಅಂದು ಪ್ರಮಾಣಶಾಸ್ತ್ರವೆಂದರೆ ಬೌದ್ಧರದೇ ಎಂಬಂತಿತ್ತು. ವಸುಬಂಧು, ದಿಙ್ನಾಗ, ಧರ್ಮಕೀರ್ತಿ ಇವರ ಗ್ರಂಥಗಳನ್ನು ಅರಿಯದವನು ಸಭೆಯಲ್ಲಿ ಬಾಯ್ತೆರೆಯುವಂತಿರಲಿಲ್ಲ. ಅವರಲ್ಲಿ ವಿಜ್ಞಾನವಾದಿಗಳ ಪಕ್ಷವು ಕೇಳಲು ವಿಚಿತ್ರವಾದರೂ ಮುರಿಯಲು ಸುಲಭವಾದುದಲ್ಲ. ಎದುರಿಗೆ ಒಂದು ಕೊಡವಿದೆ ಎನ್ನುತ್ತೇವೆ. ಆ ಕೊಡವನ್ನು ಅದರ ಜ್ಞಾನವಿಲ್ಲದೆ ಯಾರಾದರೂ ಎಂದಾದರೂ ಕಂಡದ್ದುಂಟೆ? ಕೊಡ ತೋರುವಾಗಲೆಲ್ಲ ಕೊಡದ ಜ್ಞಾನವೂ ಇರುತ್ತದೆ. ಎರಡೂ ಬಿಡದೆ ಒಟ್ಟಿಗೇ ತೋರುತ್ತವೆ. ಬಿಡದೆ ಒಟ್ಟಿಗೆ ತೋರುವುವು ಬೇರೆಬೇರೆ ಎನ್ನಲು ಆಧಾರವೇನು? ಕನಸಿನಲ್ಲಿ ಆನೆ ಕಾಣುತ್ತದೆ, ಆನೆಯಿಲ್ಲ. ಕಾಮಾಲೆಯವನಿಗೆ ಶಂಖವು ಹಳದಿಯಾಗಿ ಕಾಣುತ್ತದೆ. ಕಣ್ಣಿಗೆ ದೋಷ ಬಂದವನಿಗೆ ಚಂದ್ರನು ಇಬ್ಬರಾಗಿ ತೋರುತ್ತಾನೆ. ಹೊರಗೆ ವಸ್ತುವಿಲ್ಲದೆಯೇ ವಾಸನಾಬಲದಿಂದ ಜ್ಞಾನವು ವಸ್ತುವಿನಾಕಾರವನ್ನು ತಾಳುವುದಾದರೆ ಎಚ್ಚರದ ಜಗತ್ತೂ ಹಾಗೆಯೇ ಏಕಾಗಬಾರದು? ಇದಲ್ಲದೆ ಶೂನ್ಯವಾದಿಯಾದ ನಾಗಾರ್ಜುನನು, ಪ್ರಮಾಣದಿಂದ ಪ್ರಮೇಯವು ಸಿದ್ಧವಾಗುವುದಾದರೆ ಪ್ರಮಾಣವು ಯಾವುದರಿಂದ ಸಿದ್ಧವಾಯಿತೆಂದು ಕೇಳಿ ಎಲ್ಲರ ನೆಲವನ್ನೂ ಅಲುಗಿಸಿದ್ದನು.

ಇವರನ್ನು ಮೂಢರೆಂದು ನಗುವ ಲೇಖನಗಳನ್ನು ನಾನು ಓದಿದ್ದೇನೆ. ಅದು ನ್ಯಾಯವಲ್ಲ. ಆ ಭಿಕ್ಷುಗಳೂ ಶೀಲವಂತರು. ವಿಷಯಾಸಕ್ತಿಯನ್ನು ಬೇರುಸಹಿತ ಕೀಳಲು ವಿಷಯವೇ ಇಲ್ಲವೆಂಬ ದಾರಿಯನ್ನು ಹಿಡಿದವರು. ಆದರೆ ಆ ದಾರಿ ಎಲ್ಲಿಗೆ ಮುಟ್ಟುತ್ತದೆಂಬುದೇ ಶ್ರಾವಕನಿಗೆ ಮುಖ್ಯವಾದ ಪ್ರಶ್ನೆ. ಎದುರಿನ ಜೀವವು ನನ್ನ ಜ್ಞಾನದ ಒಂದು ಆಕಾರಮಾತ್ರವಾದರೆ ಅಹಿಂಸಾಣುವ್ರತವು ಯಾರ ವಿಷಯದಲ್ಲಿ? ನಾವು ನೀರನ್ನು ಸೋಸಿ ಕುಡಿಯುವುದು ಯಾರಿಗಾಗಿ?

ಬೌದ್ಧನ್ಯಾಯವನ್ನು ಅವರ ಬಾಯಿಂದಲೇ ಕಲಿಯಬೇಕೆಂದು ಸಹೋದರರು ವೇಷ ಮರೆಸಿಕೊಂಡು ಒಂದು ಬೌದ್ಧಮಠವನ್ನು ಸೇರಿದರೆಂದು ಕಥೆ ಹೇಳುತ್ತದೆ. ಅಕಲಂಕನಿಗೆ ಒಮ್ಮೆ ಕೇಳಿದರೆ, ನಿಷ್ಕಲಂಕನಿಗೆ ಎರಡು ಬಾರಿ ಕೇಳಿದರೆ ಪಾಠವು ನೆಲೆಗೊಳ್ಳುತ್ತಿತ್ತಂತೆ. ಒಂದು ದಿನ ಗುರುವು ಜೈನರ ಸಪ್ತಭಂಗಿಯನ್ನು ಪೂರ್ವಪಕ್ಷವಾಗಿ ಹೇಳುತ್ತಿರುವಾಗ ಪಾಠದಲ್ಲಿ ಅಶುದ್ಧಿಯಿದ್ದು ಅರ್ಥವು ಕೂಡಿಬರಲಿಲ್ಲ. ಅವನು ಪಾಠವನ್ನು ನಿಲ್ಲಿಸಿ ಹೊರಗೆ ಹೋದಾಗ ಅಕಲಂಕನು ಯಾರಿಗೂ ಕಾಣದಂತೆ ಆ ಪಾಠವನ್ನು ತಿದ್ದಿಟ್ಟನು. ತಿದ್ದುಪಾಟನ್ನು ಕಂಡ ಗುರುವಿಗೆ ಶಿಷ್ಯರ ನಡುವೆ ಜೈನನೊಬ್ಬನಿರುವನೆಂದು ತಿಳಿಯಿತು. ಪರೀಕ್ಷೆಗೆಂದು ಜಿನಬಿಂಬವನ್ನು ನೆಲದ ಮೇಲಿರಿಸಿ ದಾಟಲು ಹೇಳಿದಾಗ ಅಕಲಂಕನು ಅದರ ಮೇಲೊಂದು ನೂಲೆಳೆಯನ್ನು ಹಾಕಿ, ನಿರ್ಗ್ರಂಥವಲ್ಲದುದು ಜಿನಬಿಂಬವಲ್ಲವೆಂದು ಭಾವಿಸಿ ದಾಟಿದನು. ಈ ಪ್ರಸಂಗವು ನನಗೆ ಅಷ್ಟಾಗಿ ರುಚಿಸುವುದಿಲ್ಲ. ತಂದೆಯ ಮುಂದೆ ನುಡಿಯ ಅರ್ಥವನ್ನು ಸಡಿಲಿಸಲು ಒಪ್ಪದವನು ಇಲ್ಲಿ ಒಂದು ನೂಲಿನಿಂದ ಬಿಂಬದ ಅರ್ಥವನ್ನೇ ಬದಲಿಸಿಕೊಂಡನೆಂಬುದು ಕಥೆಗಾರನ ಜಾಣತನವಿದ್ದೀತು. ಮುಂದಿನ ಪರೀಕ್ಷೆಯು ಹೆಚ್ಚು ನಂಬುವಂತಿದೆ. ನಡುರಾತ್ರಿಯಲ್ಲಿ ಎತ್ತರದಿಂದ ಕಂಚಿನ ಪಾತ್ರೆಗಳನ್ನು ಕೆಡಹಿದಾಗ, ಬೆಚ್ಚಿಬಿದ್ದೆದ್ದ ಸಹೋದರರ ಬಾಯಿಂದ ಪಂಚನಮಸ್ಕಾರವು ಹೊರಬಿದ್ದಿತು. ನಿದ್ದೆಯಲ್ಲಿ ನಾಲಗೆಯು ಸುಳ್ಳಾಡುವುದಿಲ್ಲ.

ಸೆರೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ಇವರನ್ನು ಆಯುಧಪಾಣಿಗಳು ಬೆನ್ನಟ್ಟಿದರು. ದಾರಿಯಲ್ಲೊಂದು ಕಮಲದ ಕೊಳ. ಅಣ್ಣನು ಏಕಸಂಧಿಗ್ರಾಹಿ, ಅವನು ಉಳಿದರೆ ಶಾಸನವು ಉಳಿದೀತೆಂದು ತಮ್ಮನು ಅವನನ್ನು ಒಡಂಬಡಿಸಿ ಎಲೆಗಳ ಮರೆಯಲ್ಲಿ ನೀರಿಗಿಳಿಸಿ ತಾನು ಮುಂದೆ ಓಡಿದನು. ಕೊಳದ ಬಳಿ ಬಟ್ಟೆ ಒಗೆಯುತ್ತಿದ್ದ ಮಡಿವಾಳನೊಬ್ಬನು ಧೂಳೆಬ್ಬಿಸಿ ಬರುತ್ತಿದ್ದ ಕುದುರೆಗಳನ್ನು ಕಂಡು ಕಾರಣವರಿಯದೆ ಹೆದರಿ ನಿಷ್ಕಲಂಕನೊಡನೆ ಓಡತೊಡಗಿದನು. ಬೆನ್ನಟ್ಟಿದವರು ಇಬ್ಬರು ಓಡುವುದನ್ನು ಕಂಡರು. ಇಬ್ಬರನ್ನೂ ಕೊಂದು, ಕೆಲಸವಾಯಿತೆಂದು ಹಿಂದಿರುಗಿದರು.

ನಿಷ್ಕಲಂಕನ ತ್ಯಾಗವನ್ನು ನಮ್ಮವರು ಹಾಡಿ ಹೊಗಳಿದ್ದಾರೆ, ಹೊಗಳಬೇಕಾದುದೇ. ಆ ಮಡಿವಾಳನಿಗೆ ಮಾತ್ರ ಕಥೆಯಲ್ಲಿ ಹೆಸರೂ ಇಲ್ಲ. ಅವನಿಗೆ ಅನೇಕಾಂತವೂ ತಿಳಿಯದು, ವಿಜ್ಞಾನವಾದವೂ ತಿಳಿಯದು. ಕೊಲೆಗಾರರಿಗೆ ಇಬ್ಬರೆಂಬ ಸಂಖ್ಯೆಯು ಸರಿಯಾಗಿಯೇ ಕಂಡಿತ್ತು. ಅವರೇ ಇವರೆಂಬ ಗುರುತು ತಪ್ಪಾಗಿತ್ತು. ಪ್ರತ್ಯಭಿಜ್ಞಾನವು ಆಭಾಸವಾಯಿತು, ಒಂದು ಪ್ರಾಣ ಹೋಯಿತು. ನೀರಿನಲ್ಲಿ ಅಡಗಿದ್ದವನಿಗೆ ಆ ಸದ್ದು ಕೇಳಿಸಿರಬೇಕು. ಸರಿಯಾದ ಅರಿವಿಗೂ ತಪ್ಪಾದ ಅರಿವಿಗೂ ವ್ಯತ್ಯಾಸವೇ ಇಲ್ಲ, ಎರಡೂ ಒಳಗಿನ ಆಕಾರಗಳೇ ಎಂಬ ವಾದವನ್ನು ಅಕಲಂಕದೇವರು ಬಾಳಿನುದ್ದಕ್ಕೂ ಏಕೆ ಸಹಿಸಲಿಲ್ಲವೆಂಬುದಕ್ಕೆ ಈ ಕಥೆಗಿಂತ ಒಳ್ಳೆಯ ಭಾಷ್ಯವನ್ನು ನಾನರಿಯೆ.

ಮುಂದೆ ಕಥೆಯು ಕಳಿಂಗದೇಶದ ರತ್ನಸಂಚಯಪುರಕ್ಕೆ ಸಾಗುತ್ತದೆ. ಅಲ್ಲಿಯ ಅರಸ ಹಿಮಶೀತಲ, ರಾಣಿ ಮದನಸುಂದರಿ. ಅಷ್ಟಾಹ್ನಿಕ ಪರ್ವದಲ್ಲಿ ಜಿನರಥಯಾತ್ರೆಯನ್ನು ನಡೆಸಬೇಕೆಂದು ರಾಣಿಯು ಸನ್ನಾಹ ಮಾಡಿದಾಗ ಸಂಘಶ್ರೀಯೆಂಬ ಬೌದ್ಧಾಚಾರ್ಯನು ಅದನ್ನು ತಡೆದನು. ವಾದದಲ್ಲಿ ತನ್ನನ್ನು ಗೆದ್ದ ಜೈನನಿದ್ದರೆ ರಥವು ಹೊರಡಲೆಂದು ಅರಸನ ಮೂಲಕ ನಿಬಂಧನೆ ಬಂದಿತು. ರಥವು ಮೊದಲಿನಂತೆ ಹೊರಡುವವರೆಗೂ ಆಹಾರತ್ಯಾಗವೆಂದು ರಾಣಿಯು ಜಿನಾಲಯವನ್ನು ಹೊಕ್ಕು ನಿಂತಳು. ಅವಳ ದೃಢತೆಗೆ ಚಕ್ರೇಶ್ವರೀದೇವಿಯ ಆಸನವು ಕಂಪಿಸಿತೆಂದೂ, ಮರುದಿನ ಅಕಲಂಕದೇವರು ಬರುವರೆಂದು ದೇವಿಯು ತಿಳಿಸಿದಳೆಂದೂ ಹೇಳುತ್ತಾರೆ. ವಾದವು ಆರು ತಿಂಗಳು ನಡೆಯಿತು. ಸಂಘಶ್ರೀಯು ತೆರೆಯ ಮರೆಯಲ್ಲಿ ಕುಂಭವನ್ನಿರಿಸಿ ಅದರಲ್ಲಿ ತಾರಾದೇವಿಯನ್ನು ಆವಾಹಿಸಿದ್ದನು. ಉತ್ತರ ಕೊಡುತ್ತಿದ್ದವಳು ಅವಳೇ. ಹೇಳಿದ ಮಾತನ್ನು ಮತ್ತೊಮ್ಮೆ ಹೇಳೆಂದು ಕೇಳಬೇಕೆಂದು ಚಕ್ರೇಶ್ವರಿಯು ಅಕಲಂಕದೇವರಿಗೆ ಸೂಚಿಸಿದಳು. ಅವರು ಹಾಗೆ ಕೇಳಿದಾಗ ತೆರೆಯ ಹಿಂದೆ ಮೌನವೇ ಉತ್ತರವಾಯಿತು. ತೆರೆಯನ್ನು ಸರಿಸಿ ಕುಂಭವನ್ನು ಕಾಲಿನಿಂದೊದೆದು ಒಡೆದರು. ರಥಯಾತ್ರೆಯು ನಡೆಯಿತು, ರಾಣಿಯ ಪಾರಣೆಯೂ ಆಯಿತು.

ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಹಿಮಶೀತಲನ ಸಭೆ, ತಾರಾದೇವಿಯ ಕುಂಭ ಎರಡೂ ಬರುತ್ತವೆ. ಆದರೆ ಶಾಸನಕವಿಯು ಕುಂಭಕ್ಕಿಂತ ಒಂದು ಸಂಗತಿಗೆ ಹೆಚ್ಚು ಬೆಲೆ ಕೊಟ್ಟಿದ್ದಾನೆ. ತಾವು ಇದನ್ನು ಮಾಡಿದ್ದು ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ಆತ್ಮವಿಲ್ಲವೆಂಬ ಮತವನ್ನು ಹಿಡಿದು ಜನರು ಕೆಡುತ್ತಿರುವುದನ್ನು ಕಂಡ ಕರುಣೆಯಿಂದ ಎಂದು ಅಕಲಂಕದೇವರಿಂದ ಹೇಳಿಸಿದ್ದಾನೆ. ತಮ್ಮನನ್ನು ಕಳೆದುಕೊಂಡವನ ಬಾಯಲ್ಲಿ ದ್ವೇಷವಿಲ್ಲದ ಮಾತನ್ನಿಡಬೇಕೆಂದು ಅವನಿಗೆ ತೋಚಿದ್ದೇ ದೊಡ್ಡದು. ಹೇಳಿದ್ದನ್ನು ಮತ್ತೊಮ್ಮೆ ಹೇಳಲಾರದವನ ಅರಿವು ಅವನದಲ್ಲವೆಂಬ ಕುಂಭದ ಪ್ರಸಂಗದ ಸೂಚನೆಯೂ ಚೆನ್ನಾಗಿದೆ. ಆದರೂ ನಿಜವಾದ ವಾದವು ನಡೆದದ್ದು ತಾಳೆಗರಿಯ ಮೇಲೆ. ಸಮಂತಭದ್ರಸ್ವಾಮಿಗಳ ಆಪ್ತಮೀಮಾಂಸೆಗೆ ಬರೆದ ಅಷ್ಟಶತೀ, ತತ್ತ್ವಾರ್ಥಸೂತ್ರಕ್ಕೆ ಬರೆದ ರಾಜವಾರ್ತಿಕ, ಸ್ವತಂತ್ರ ಗ್ರಂಥಗಳಾದ ಲಘೀಯಸ್ತ್ರಯ, ನ್ಯಾಯವಿನಿಶ್ಚಯ, ಸಿದ್ಧಿವಿನಿಶ್ಚಯ, ಪ್ರಮಾಣಸಂಗ್ರಹ, ಇವೇ ಅವರ ರಣಭೂಮಿಗಳು. ಬರೆವಣಿಗೆಯು ಬಹಳ ಬಿಗಿಯಾದುದು. ಟೀಕಾಕಾರರ ಕೈಹಿಡಿಯದೆ ಎರಡು ಸಾಲನ್ನು ದಾಟುವುದೂ ಕಷ್ಟ.

ಒಳಗಿನದೇ ಸತ್ಯ, ಹೊರಗಿನದಿಲ್ಲ ಎಂಬ ಏಕಾಂತವನ್ನೂ, ಹೊರಗಿನದೇ ಸತ್ಯ ಎಂಬ ಏಕಾಂತವನ್ನೂ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಒಟ್ಟಿಗೆ ತೂಗಿದ್ದರು. ಎಲ್ಲ ಜ್ಞಾನವೂ ಅರ್ಥಶೂನ್ಯವಾದರೆ, ಹಾಗೆಂದು ಸಾಧಿಸುವ ಅನುಮಾನವೂ ಅರ್ಥಶೂನ್ಯವೇ. ಅದು ಏನನ್ನೂ ಸಾಧಿಸದು. ತೋರಿದ್ದೆಲ್ಲ ಹೊರಗಿದೆ ಎಂದರೆ ತಪ್ಪು ಎಂಬುದೇ ಇಲ್ಲವಾಗಿ, ಒಂದಕ್ಕೊಂದು ವಿರುದ್ಧವಾದುದನ್ನು ನುಡಿಯುವವರೆಲ್ಲರೂ ಸತ್ಯವಾದಿಗಳಾಗುತ್ತಾರೆ. ಜ್ಞಾನವು ತನ್ನನ್ನು ತಾನು ಅರಿಯುವ ಮಟ್ಟಿಗೆ ಎಲ್ಲಿಯೂ ಆಭಾಸವಿಲ್ಲ. ಹೊರವಸ್ತುವನ್ನು ಕುರಿತಾಗ ಪ್ರಮಾಣವೂ ಉಂಟು, ಆಭಾಸವೂ ಉಂಟು ಎಂಬುದು ಅವರ ನಿರ್ಣಯ. ಕನಸಿನಲ್ಲಿ ಆನೆಯನ್ನು ಕಂಡೆನೆಂಬುದು ಸುಳ್ಳಲ್ಲ. ಕೋಣೆಯಲ್ಲಿ ಆನೆಯಿತ್ತೆಂಬುದು ಸುಳ್ಳು.

ಈ ತಳಹದಿಯ ಮೇಲೆ ಅಕಲಂಕದೇವರು ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ ಅದೇ ಅವರ ಅತ್ಯಂತ ದೊಡ್ಡ ಕೊಡುಗೆ. ಇಬ್ಬರು ಚಂದ್ರರನ್ನು ಕಾಣುವವನ ಜ್ಞಾನವು ಪೂರ್ತಿ ಸುಳ್ಳೆಂದು ಎಲ್ಲರೂ ಒಪ್ಪಿದ್ದರು; ವಿಜ್ಞಾನವಾದಿಯ ಕೋಟೆಗೆ ಅದೇ ಕಲ್ಲು. ಅಕಲಂಕದೇವರು ಅದನ್ನು ಒಪ್ಪಲಿಲ್ಲ. ಅವನು ಸಂಖ್ಯೆಯಲ್ಲಿ ತಪ್ಪಿದ್ದಾನೆ, ಚಂದ್ರನಲ್ಲಿ ತಪ್ಪಿಲ್ಲ. ಎಷ್ಟು ಅಂಶದಲ್ಲಿ ಅರಿವು ವಸ್ತುವಿನೊಡನೆ ವಿಸಂವಾದವಿಲ್ಲದೆ ಹೊಂದುತ್ತದೋ ಅಷ್ಟು ಅಂಶದಲ್ಲಿ ಅದು ಪ್ರಮಾಣ. ಹೊಂದದ ಅಂಶದಲ್ಲಿ ಅಪ್ರಮಾಣ. ಅಲ್ಲಿಗೇ ನಿಲ್ಲದೆ, ದೋಷವಿಲ್ಲದ ಕಣ್ಣುಳ್ಳವನಿಗೂ ಸೂರ್ಯಚಂದ್ರರು ಇರುವುದಕ್ಕಿಂತ ಹತ್ತಿರವಿರುವಂತೆ ತೋರುವುದಿಲ್ಲವೆ ಎಂದು ಅವರು ಕೇಳಿದರು. ಒಳ್ಳೆಯ ಕಣ್ಣೂ ಸ್ವಲ್ಪ ತಪ್ಪುತ್ತದೆ, ಕೆಟ್ಟ ಕಣ್ಣೂ ಸ್ವಲ್ಪ ನಿಜವನ್ನು ಹಿಡಿಯುತ್ತದೆ. ಹಾಗಾದರೆ ಪ್ರಮಾಣವೆಂಬ ಹೆಸರೇಕೆ? ಹೆಚ್ಚಳವನ್ನು ನೋಡಿ. ಕಸ್ತೂರಿ ಮೊದಲಾದವುಗಳಲ್ಲಿ ರೂಪವೂ ರಸವೂ ಇದ್ದರೂ ಗಂಧವು ಮಿಗಿಲಾಗಿರುವುದರಿಂದ ಅವುಗಳನ್ನು ಗಂಧದ್ರವ್ಯವೆನ್ನುವ ಹಾಗೆ.

ಒಂದು ತಪ್ಪು ಸಿಕ್ಕಿದರೆ ಎಲ್ಲವನ್ನೂ ಸಂಶಯಿಸಬೇಕೆಂಬುದು ಸಂಶಯವಾದಿಯ ಬಲ. ಒಂದು ತಪ್ಪನ್ನೂ ಒಪ್ಪಬಾರದೆಂಬುದು ಅವನೆದುರು ನಿಂತವನ ದೌರ್ಬಲ್ಯ. ಎಂಟನೆಯ ಶತಮಾನದಲ್ಲಿಯೇ ಅಕಲಂಕದೇವರು ಇಬ್ಬರ ಕೈಯಿಂದಲೂ ಆ ಹಗ್ಗವನ್ನು ಬಿಡಿಸಿದರು. ತಪ್ಪಿಗೆ ಕಾರಣವು ಜಗತ್ತು ಇಲ್ಲದಿರುವುದಲ್ಲ. ಜ್ಞಾನಾವರಣ ಕರ್ಮದ ಮರೆ. ಮರೆಯು ಎಷ್ಟೆಷ್ಟು ತೆಳುವಾಗುತ್ತದೋ ಅಷ್ಟಷ್ಟು ಅರಿವು ವಿಶದವಾಗುತ್ತದೆ. ಪ್ರತ್ಯಕ್ಷದ ಲಕ್ಷಣವನ್ನು ಅವರು ಈ ವೈಶದ್ಯದಲ್ಲಿಯೇ ಕಂಡರು. ಇಂದ್ರಿಯಜ್ಞಾನವು ಪರೋಕ್ಷವೆಂಬ ಆಗಮದ ಮಾತನ್ನೂ ಪ್ರತ್ಯಕ್ಷವೆಂಬ ಲೋಕದ ಮಾತನ್ನೂ ಬಿಡದೆ, ಅದಕ್ಕೆ ಸಾಂವ್ಯವಹಾರಿಕ ಪ್ರತ್ಯಕ್ಷವೆಂಬ ಸ್ಥಾನವನ್ನು ಜೈನನ್ಯಾಯದಲ್ಲಿ ನೆಲೆಗೊಳಿಸಿದರು. ಕೇವಲಜ್ಞಾನವು ಮುಖ್ಯ ಪ್ರತ್ಯಕ್ಷವಾಗಿಯೇ ಉಳಿಯಿತು. ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ ಇವೂ ಪ್ರಮಾಣಗಳೆಂದು ಸ್ಥಾಪಿಸಿದರು. ನೆನಪೇ ಪ್ರಮಾಣವಲ್ಲವಾದರೆ ನಿನ್ನೆ ಪ್ರತ್ಯಾಖ್ಯಾನ ಮಾಡಿದವನು ಇಂದು ಯಾವುದನ್ನು ಪಾಲಿಸಬೇಕು?

ಧರ್ಮಕೀರ್ತಿಯು ಜೈನರನ್ನು ಕುರಿತು ಮಾಡಿದ ಒಂದು ಪರಿಹಾಸ್ಯವು ಪ್ರಸಿದ್ಧವಾಗಿದೆ. ಎಲ್ಲವೂ ಉಭಯರೂಪವೆಂದರೆ ಮೊಸರು ಒಂಟೆಯೂ ಆದೀತು. ಮೊಸರನ್ನು ತಿನ್ನೆಂದರೆ ಒಂಟೆಯತ್ತ ಏಕೆ ಓಡುವುದಿಲ್ಲವೆಂಬುದು ಅವನ ಪ್ರಶ್ನೆ. ಪೂರ್ವಪಕ್ಷವನ್ನೇ ಅರಿಯದೆ ದೂಷಿಸಿದರೆ ವಿದೂಷಕನ ಪಾತ್ರವೇ ಸಿಕ್ಕೀತೆಂದು ಅಕಲಂಕದೇವರು ನ್ಯಾಯವಿನಿಶ್ಚಯದಲ್ಲಿ ಮರುಚುಚ್ಚಿದ್ದಾರೆ. ಸುಗತನು ಹಿಂದಿನ ಭವವೊಂದರಲ್ಲಿ ಮೃಗವಾಗಿದ್ದನೆಂದು ನೀವೇ ಹೇಳುತ್ತೀರಿ. ಆದರೂ ಸುಗತನನ್ನು ವಂದಿಸುತ್ತಾರೆ, ಮೃಗವನ್ನು ತಿನ್ನುವವರು ತಿನ್ನುತ್ತಾರೆ. ಸಂತಾನವು ಒಂದೇ ಆದರೂ ಪರ್ಯಾಯದಿಂದ ಭೇದವುಂಟೆಂದು ಅಲ್ಲಿ ನೀವು ಒಪ್ಪಿದಂತೆ ಇಲ್ಲಿ ನಾವೂ ಹೇಳುತ್ತೇವೆ ಎಂಬುದು ಅವರ ಸಮಾಧಾನ. ಉತ್ತರವು ಹರಿತವಾಗಿದೆ. ಆದರೆ ಇದಕ್ಕಿಂತ ನನಗೆ ಪ್ರಿಯವಾದುದು ಅವರು ಅಷ್ಟಶತಿಯಲ್ಲಿ ವ್ಯಾಖ್ಯಾನಿಸಿದ ಸಮಂತಭದ್ರರ ದೃಷ್ಟಾಂತ. ಅದರಲ್ಲಿರುವವರು ನಮ್ಮಂಥ ವ್ರತಿಗಳೇ. ಹಾಲನ್ನೇ ಕುಡಿಯುವೆನೆಂಬ ವ್ರತವುಳ್ಳವನು ಮೊಸರನ್ನು ಮುಟ್ಟುವುದಿಲ್ಲ. ಮೊಸರನ್ನೇ ಉಣ್ಣುವೆನೆಂಬವನು ಹಾಲನ್ನು ಮುಟ್ಟುವುದಿಲ್ಲ. ಗೋರಸವನ್ನೇ ಬಿಟ್ಟವನು ಎರಡನ್ನೂ ಮುಟ್ಟುವುದಿಲ್ಲ. ಹಾಲಿನ ಪರ್ಯಾಯವು ಅಳಿದದ್ದು ನಿಜ, ಮೊಸರಿನ ಪರ್ಯಾಯವು ಹುಟ್ಟಿದ್ದು ನಿಜ, ಗೋರಸದ್ರವ್ಯವು ಉಳಿದದ್ದೂ ನಿಜ. ಮೂರೂ ಹೊರಗೆ ಇಲ್ಲದಿದ್ದರೆ ಮೂವರ ವ್ರತಗಳೂ ಬೇರೆಬೇರೆಯಾಗುತ್ತಿರಲಿಲ್ಲ. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮೊಸರನ್ನು ಕಾಣುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಉತ್ಪಾದ ವ್ಯಯ ಧ್ರೌವ್ಯಗಳನ್ನು ಬೇರೆ ಉದಾಹರಣೆ ಹುಡುಕಿ ಹೇಳಬೇಕಾಗಿಲ್ಲ.

ಇದೇ ಆಚಾರ್ಯರು ರಾಜವಾರ್ತಿಕದ ಒಂಬತ್ತನೆಯ ಅಧ್ಯಾಯದಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಮೊದಲಾದ ಆರು ತಪಸ್ಸುಗಳಿಗೆ ಬಾಹ್ಯತಪಸ್ಸೆಂಬ ಹೆಸರು ಏಕೆಂಬುದನ್ನು ವಿಚಾರಿಸಿದ್ದಾರೆ. ಅವು ಬಾಹ್ಯದ್ರವ್ಯವನ್ನು ಅಪೇಕ್ಷಿಸುತ್ತವೆ, ಪರರಿಗೂ ಪ್ರತ್ಯಕ್ಷವಾಗುತ್ತವೆ, ಗೃಹಸ್ಥರೂ ಅನ್ಯತೀರ್ಥಿಗಳೂ ಅವನ್ನು ಮಾಡುತ್ತಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಿಂದ ಮೊದಲೆರಡು ಕಾರಣಗಳು ಬಂದಿವೆ. ಓದುವಾಗ ಇದು ಬರಿಯ ಹೆಸರಿನ ವಿವರಣೆಯಂತೆ ತೋರುತ್ತದೆ. ವಿಜ್ಞಾನವಾದವನ್ನು ನೆನಪಿನಲ್ಲಿಟ್ಟು ಓದಿದರೆ ಹಾಗೆ ತೋರುವುದಿಲ್ಲ. ಉಪವಾಸಕ್ಕೆ ಬಿಡಲು ಒಂದು ಅನ್ನ ಬೇಕು, ಆ ಅನ್ನವು ಹೊರಗಿರಬೇಕು. ನಾನು ಬಿಟ್ಟದ್ದನ್ನು ಇನ್ನೊಬ್ಬನು ಕಾಣಬೇಕಾದರೆ ಇನ್ನೊಬ್ಬನೆಂಬವನೂ ಇರಬೇಕು. ಪರಸಂತಾನವಿದೆಯೆಂದು ಒಪ್ಪುವ ವಿಜ್ಞಾನವಾದಿಗೆ, ಪರನ ಚಿತ್ತವು ತನ್ನ ಜ್ಞಾನಕ್ಕೆ ಹೊರಗಿನದೇ ಅಲ್ಲವೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಸೋಸುಬಟ್ಟೆಯ ಮಾತೂ ಇಲ್ಲಿಗೇ ಸೇರುತ್ತದೆ. ನೀರಿನ ಜೀವಗಳು ಬರಿಗಣ್ಣಿಗೆ ಕಾಣುವುದಿಲ್ಲ. ಆಗಮದಿಂದಲೂ ಅನುಮಾನದಿಂದಲೂ ತಿಳಿಯುತ್ತವೆ. ಕಂಡಷ್ಟೇ ಜಗತ್ತೆಂಬ ಚಾರ್ವಾಕನಿಗೂ ಕಾಣುವುದೇ ಜಗತ್ತೆಂಬ ವಿಜ್ಞಾನವಾದಿಗೂ ಉತ್ತರವಾಗಿ ಆ ಬಟ್ಟೆಯು ಅಡಿಗೆಮನೆಯ ಕೊಡದ ಬಾಯಿಯ ಮೇಲೆ ದಿನವೂ ಕಟ್ಟಿರುತ್ತದೆ.

ಅವರ ಅನಂತರ ವಿದ್ಯಾನಂದಸ್ವಾಮಿಗಳು ಅಷ್ಟಶತಿಯನ್ನು ಒಳಗಿಟ್ಟುಕೊಂಡು ಅಷ್ಟಸಹಸ್ರಿಯನ್ನು ಬರೆದರು. ಮಾಣಿಕ್ಯನಂದಿಗಳು ಅಕಲಂಕವಚನಸಮುದ್ರವನ್ನು ಕಡೆದು ಪರೀಕ್ಷಾಮುಖಸೂತ್ರವನ್ನು ಕೊಟ್ಟರು. ಲಘೀಯಸ್ತ್ರಯಕ್ಕೆ ಪ್ರಭಾಚಂದ್ರರ ನ್ಯಾಯಕುಮುದಚಂದ್ರ, ನ್ಯಾಯವಿನಿಶ್ಚಯಕ್ಕೆ ವಾದಿರಾಜರ ವಿವರಣ, ಸಿದ್ಧಿವಿನಿಶ್ಚಯಕ್ಕೆ ಅನಂತವೀರ್ಯರ ಟೀಕೆ ಹುಟ್ಟಿದವು. ಅಕಲಂಕರ ಪ್ರಮಾಣ, ಪೂಜ್ಯಪಾದರ ವ್ಯಾಕರಣ, ತನ್ನ ದ್ವಿಸಂಧಾನಕಾವ್ಯ ಇವು ಮೂರು ರತ್ನಗಳೆಂದು ಧನಂಜಯನು ನಾಮಮಾಲೆಯಲ್ಲಿ ಎಣಿಸಿದನು. ಮೂರನೆಯದನ್ನು ತಾನೇ ಸೇರಿಸಿಕೊಂಡದ್ದನ್ನು ಕವಿಗಳಿಗೆ ಮನ್ನಿಸಬೇಕು. ಸೋದೆಯ ಮಠದ ಭಟ್ಟಾರಕರು ಭಟ್ಟಾಕಲಂಕರೆಂಬ ಅಭಿಧಾನವನ್ನು ಇಂದಿಗೂ ಧರಿಸುತ್ತಾರೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಲಂಕನು ಬೇರೆ. ಹೆಸರನ್ನು ಕಂಡು ಇಬ್ಬರನ್ನೂ ಒಬ್ಬನೆಂದುಕೊಂಡ ಓದುಗರು ಉಂಟು.

ಸಂಶಯವಾದದ ವಿಷಯದಲ್ಲಿ ನಮ್ಮ ಹಿರಿಯರು ನಡೆದುಕೊಂಡ ರೀತಿಗೆ ಒಂದು ನಿದರ್ಶನವಿದೆ. ಯಾವ ಪ್ರಮಾಣವೂ ನಿಲ್ಲದು, ಯಾವ ತತ್ತ್ವವೂ ನಿಲ್ಲದೆಂದು ವಾದಿಸಿದ ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹವೆಂಬ ಗ್ರಂಥವಿತ್ತು. ತತ್ತ್ವೋಪಪ್ಲವವಾದಿಗಳನ್ನು ವಿದ್ಯಾನಂದರು ಅಷ್ಟಸಹಸ್ರಿಯಲ್ಲಿ ವಿಸ್ತಾರವಾಗಿ ಖಂಡಿಸಿದ್ದಾರೆ. ಲೋಕವೆಲ್ಲ ಮರೆತಿದ್ದ ಆ ಗ್ರಂಥದ ತಾಳೆಗರಿಯ ಪ್ರತಿಯು 1926ರಲ್ಲಿ ಗುಜರಾತಿನ ಪಾಟಣದ ಜೈನಭಂಡಾರದಲ್ಲಿ ದೊರೆತು, ಪಂಡಿತ ಸುಖಲಾಲಜಿ ಮತ್ತು ರಸಿಕಲಾಲ ಪರೀಖರ ಸಂಪಾದಕತ್ವದಲ್ಲಿ 1940ರಲ್ಲಿ ಬಡೋದೆಯಿಂದ ಪ್ರಕಟವಾಯಿತು. ತಮ್ಮ ಪ್ರಮಾಣಗಳನ್ನೆಲ್ಲ ಅಲ್ಲಗಳೆದವನ ಪುಸ್ತಕವನ್ನು ನಮ್ಮವರು ಶತಮಾನಗಳ ಕಾಲ ಹುಳ ಹತ್ತದಂತೆ ಕಾಪಾಡಿದ್ದರು.

ಅಕಲಂಕದೇವರ ಕೃತಿಗಳಿಗೆ ಅಷ್ಟು ಭಾಗ್ಯವಿರಲಿಲ್ಲ. ಸಿದ್ಧಿವಿನಿಶ್ಚಯದ ಮೂಲಪ್ರತಿಯು ಎಲ್ಲಿಯೂ ದೊರೆಯಲಿಲ್ಲ. ಅನಂತವೀರ್ಯರ ಟೀಕೆಯು ಮಾತ್ರ ಉಳಿದಿತ್ತು. 1939ರಲ್ಲಿ ಲಘೀಯಸ್ತ್ರಯಾದಿ ಮೂರು ಗ್ರಂಥಗಳನ್ನು ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಅಕಲಂಕಗ್ರಂಥತ್ರಯವೆಂದು ಹೊರತಂದಿದ್ದ ಮಹೇಂದ್ರಕುಮಾರರು ಮುಂದೆ ಆ ಟೀಕೆಯನ್ನು ಕೈಗೆತ್ತಿಕೊಂಡರು. ಟೀಕಾಕಾರರು ವಿವರಿಸಲೆಂದು ಎತ್ತಿಕೊಂಡ ಒಂದೊಂದು ಪದವನ್ನೂ ಬಿಡಿಸಿ, ಇದು ಮೂಲದ್ದು, ಇದು ಟೀಕೆಯದು ಎಂದು ಬೇರ್ಪಡಿಸಿ, ಪದಕ್ಕೆ ಪದವನ್ನು ಸೇರಿಸಿ ಕಾರಿಕೆಗಳನ್ನು ಮರಳಿ ಕಟ್ಟಿದರು. ಆ ಗ್ರಂಥವು 1959ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು.